ಬೆಕ್ಕು ಲಿಟರ್ ಬಾಕ್ಸ್ ಬಿಟ್ಟು ಹೊರಗೆ ಮಾಡುತ್ತಿದೆಯಾ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ನಮ್ಮ ಬೆಕ್ಕು ಕೆಂಚ ಆವತ್ತು ಬೆಳಿಗ್ಗೆ ಐದು ಸಲ ಲಿಟರ್ ಬಾಕ್ಸಿಗೆ, ಅಂದರೆ ಅವನ ಕಕ್ಕಸಿನ ಡಬ್ಬಿಗೆ, ಹೋಗಿ ಬಂದ. ಹೋಗುತ್ತಾನೆ, ಕೆದಕುತ್ತಾನೆ, ಕೂರುತ್ತಾನೆ, ಏನೂ ಮಾಡದೆ ಎದ್ದು ಬರುತ್ತಾನೆ. ಆರನೇ ಸಲ ಬಾಕ್ಸಿಗೇ ಹೋಗಲಿಲ್ಲ, ಬಚ್ಚಲಿನ ಮೂಲೆಯಲ್ಲಿ ಕೂತ. ಹಿಂದಿನ ದಿನವಷ್ಟೇ ನಾನು ಬೇರೆ ಬಗೆಯ ಲಿಟರ್ (ಉಚ್ಚೆ ಹೀರಲು ಬಾಕ್ಸಿನಲ್ಲಿ ಹರಡುವ ಮಣ್ಣಿನಂಥ ಕಾಳು) ತಂದು ಸುರಿದಿದ್ದೆ. ಹಾಗಾಗಿ ನನ್ನ ತೀರ್ಪು ಆಗಲೇ ರೆಡಿ ಇತ್ತು. ಇವನಿಗೆ ಹೊಸ ಲಿಟರ್ ಹಿಡಿಸಿಲ್ಲ, ಅದಕ್ಕೇ ಈ ಸೊಕ್ಕು. ಅಂಗಡಿಗೆ ಓಡಿ ಹಳೆಯದನ್ನೇ ತಂದು ಹಾಕಿದೆ. ಮಧ್ಯಾಹ್ನ ಊಟ ಮೂಸಿಯೂ ನೋಡಲಿಲ್ಲ. ಸಂಜೆ ಹೊತ್ತಿಗೆ ಒಂಥರಾ ಕೂಗತೊಡಗಿದ. ರಾತ್ರಿ ಎಂಟಕ್ಕೆ ಡಾಕ್ಟರ ಮೇಜಿನ ಮೇಲೆ ಮಲಗಿಸಿದಾಗ ಅವರು ಹೊಟ್ಟೆ ಮುಟ್ಟಿ ನೋಡಿ, "ಉಚ್ಚೆಚೀಲ ಮೂಸಂಬಿ ಥರ ಗಟ್ಟಿಯಾಗಿದೆ. ಬೆಳಿಗ್ಗೆ ನೋಡೋಣ ಅಂತ ಬಿಟ್ಟಿದ್ದರೆ ಕಷ್ಟ ಇತ್ತು ಮೇಡಂ" ಅಂದರು.

ಲಿಟರ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅವನ ಉಚ್ಚೆಯ ದಾರಿ ಕಟ್ಟಿಹೋಗಿತ್ತು.

ಬೆಕ್ಕು ಹೊರಗೆ ಮಾಡಿತು ಅಂದ ಕೂಡಲೇ ನಾವೆಲ್ಲ ಬಾಕ್ಸಿನ ಕಡೆ ನೋಡುತ್ತೇವೆ. ಇಲ್ಲವೇ ಬೆಕ್ಕಿಗೆ ಬೈಯುತ್ತೇವೆ. ನಾನು ಈಗ ಹಿಡಿಯುವ ಕ್ರಮ ಬೇರೆ. ಮೊದಲು ಬೆಕ್ಕಿನ ಮೈ. ಆಮೇಲೆ ಒದ್ದೆಯಾದ ಜಾಗ. ಅದಾದ ಮೇಲೆ ಬಾಕ್ಸು, ಲಿಟರು, ಮನೆಯ ಗಲಾಟೆ. ಈ ಸರದಿ ತಪ್ಪಿಸಿದರೆ ದುಡ್ಡು ದಂಡ, ಕೆಲವೊಮ್ಮೆ ಬೆಕ್ಕೂ ಉಳಿಯುವುದಿಲ್ಲ.

ಮೊದಲ ಪ್ರಶ್ನೆ: ಉಚ್ಚೆ ಬರುತ್ತಿದೆಯಾ?

ಮತ್ತೆ ಮತ್ತೆ ಬಾಕ್ಸಿಗೆ ಹೋಗುವುದು, ತಿಣುಕುವುದು, ಒಂದೆರಡು ಹನಿ ಬಿಟ್ಟರೆ ಏನೂ ಬಾರದಿರುವುದು, ಹಿಂಭಾಗವನ್ನು ಬಿಡದೆ ನೆಕ್ಕುವುದು, ಕೂಗುವುದು, ವಾಂತಿ, ಊಟ ಬಿಡುವುದು. ಗಂಡು ಬೆಕ್ಕಿನಲ್ಲಿ ಇವುಗಳಲ್ಲಿ ಎರಡು ಕಂಡರೂ ಸಾಕು, ಮುಂದೆ ಓದಬೇಡಿ. ಬುಟ್ಟಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಹೊರಡಿ. ರಾತ್ರಿಯಾಗಿದ್ದರೆ ರಾತ್ರಿಯೇ. ಗಂಡು ಬೆಕ್ಕಿನ ಉಚ್ಚೆಯ ನಾಳ ತುಂಬಾ ಕಿರಿದು. ಸಣ್ಣ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಿಬಿಡುತ್ತದೆ. ಆಗ ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರಿ ಹೃದಯಕ್ಕೆ ಹೊಡೆತ ಬೀಳುತ್ತದೆ. ಒಂದೆರಡು ದಿನದಲ್ಲಿ ಕೈಮೀರುವ ಸಂಗತಿ ಇದು.

ಇದನ್ನು ಮಲಬದ್ಧತೆ ಅಂದುಕೊಳ್ಳುವವರೇ ಜಾಸ್ತಿ. ಕೂರುವ ಭಂಗಿ ಹಾಗೇ ಕಾಣುತ್ತದೆ. ಹರಳೆಣ್ಣೆ ಕುಡಿಸಲು ಹೋಗಬೇಡಿ. ಹೊಟ್ಟೆ ಒತ್ತಿ ನೋಡಬೇಡಿ. ನೋವಿಗೆ ಅಂತ ನಮ್ಮ ಡಬ್ಬಿಯ ಪ್ಯಾರಾಸಿಟಮಾಲ್ ಅಂತೂ ಖಂಡಿತ ಬೇಡ. ಒಂದೇ ಮಾತ್ರೆ ಸಾಕು ಬೆಕ್ಕನ್ನು ಕೊಲ್ಲಲು.

ಹೆಣ್ಣು ಬೆಕ್ಕಿನ ನಾಳ ಅಗಲ, ಹಾಗಾಗಿ ಪೂರ್ತಿ ಕಟ್ಟುವುದು ಅಪರೂಪ. ಆದರೆ ಉರಿ, ಊತ ಅವಕ್ಕೂ ಬರುತ್ತದೆ. ಬಿಳಿ ಟೈಲ್ಸ್ ಮೇಲೆ, ಸಿಂಕಿನಲ್ಲಿ, ಸ್ನಾನದ ಟಬ್ಬಿನಲ್ಲಿ ಚೂರುಚೂರೇ ಗುಲಾಬಿ ಬಣ್ಣದ ಉಚ್ಚೆ ಕಂಡರೆ ಅದು ರಕ್ತ. ಉಚ್ಚೆ ಮಾಡುವಾಗ ನೋವಾಗಿದ್ದರೆ ಬೆಕ್ಕು ಆ ನೋವನ್ನು ಬಾಕ್ಸಿನ ಜೊತೆ ಗಂಟು ಹಾಕಿಕೊಳ್ಳುತ್ತದೆ. "ಅಲ್ಲಿ ಕೂತರೆ ಉರಿಯುತ್ತದೆ, ಬೇರೆ ಕಡೆ ನೋಡೋಣ" ಅನ್ನುವುದೇ ಅದರ ಲೆಕ್ಕ. ಹಾಗಾಗಿ ಕಾಯಿಲೆ ವಾಸಿಯಾದ ಮೇಲೂ ಕೆಲವು ಬೆಕ್ಕುಗಳು ಹಳೇ ಬಾಕ್ಸಿಗೆ ಕಾಲಿಡುವುದಿಲ್ಲ. ಆಗ ಬೇರೆ ಬಾಕ್ಸು, ಬೇರೆ ಜಾಗ ಕೊಟ್ಟು ಹೊಸದಾಗಿ ಶುರು ಮಾಡಬೇಕು.

ಹಾಲಿನ ಲೆಕ್ಕದ ಹಾಗೆ ಉಂಡೆ ಲೆಕ್ಕ

ಕೆಂಚ ವಾಸಿಯಾಗಿ ಮನೆಗೆ ಬಂದ ಮೇಲೆ ನಾನು ಶುರು ಮಾಡಿದ ಒಂದು ಕೆಲಸ ಇದು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದರಲ್ಲ, ಹಾಗೇ ದಿನದ ಚೌಕದಲ್ಲಿ ಎರಡು ಅಂಕಿ ಬರೆಯುತ್ತೇನೆ. ಉಚ್ಚೆಯ ಉಂಡೆ ಎಷ್ಟು, ಕಕ್ಕ ಎಷ್ಟು. ಉಚ್ಚೆ ಬಿದ್ದಲ್ಲಿ ಗಟ್ಟಿ ಉಂಡೆಯಾಗುವ ಲಿಟರ್ ಬಳಸುವವರಿಗೆ ಇದು ಅರ್ಧ ನಿಮಿಷದ ಕೆಲಸ.

ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ ಸಾಮಾನ್ಯವಾಗಿ 2ರಿಂದ 4 ಸಲ ಉಚ್ಚೆ, ಸುಮಾರು ಒಂದು ಸಲ ಕಕ್ಕ ಮಾಡುತ್ತದೆ. ಆದರೆ ಈ ಸರಾಸರಿಗಿಂತ ನಿಮ್ಮ ಬೆಕ್ಕಿನ ಮಾಮೂಲಿ ಎಷ್ಟು ಅನ್ನುವುದು ಮುಖ್ಯ. ಉಂಡೆ ಸಣ್ಣದಾಗಿ, ಸಂಖ್ಯೆ ಏರಿದರೆ ಉರಿ ಇರಬಹುದು. ಉಂಡೆಯೇ ಇಲ್ಲದಿದ್ದರೆ ಮೇಲೆ ಹೇಳಿದ ಹಾಗೆ ಓಡಬೇಕು. ದಿನೇದಿನೇ ಉಂಡೆ ದೊಡ್ಡದಾಗುತ್ತಾ ಹೋಗಿ, ನೀರಿನ ಬಟ್ಟಲೂ ಬೇಗ ಖಾಲಿಯಾಗುತ್ತಿದ್ದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಥೈರಾಯ್ಡ್ ಇವುಗಳಲ್ಲಿ ಒಂದನ್ನು ಅನುಮಾನಿಸಬೇಕು. ಡಾಕ್ಟರ ಮುಂದೆ ನಿಂತು "ಯಾಕೋ ಸರಿಯಿಲ್ಲ" ಅನ್ನುವುದಕ್ಕಿಂತ "ಹೋದ ವಾರ ದಿನಕ್ಕೆ ಮೂರು, ಈ ವಾರ ಏಳು" ಅಂದರೆ ಅವರಿಗೆ ಅರ್ಧ ಕೆಲಸ ಮುಗಿದ ಹಾಗೆ.

ನನ್ನ ಅಮ್ಮ ತೀರ್ಥಹಳ್ಳಿ ಕಡೆಯವರು. ಅವರಿಗೆ ಈ ಲೆಕ್ಕ ತೋರಿಸಿದಾಗ, "ಅಲ್ಲ ಮಾರಾಯ್ತಿ, ಬೆಕ್ಕಿಗೊಂದು ಕಕ್ಕಸು, ಅದಕ್ಕೊಂದು ಲೆಕ್ಕದ ಪುಸ್ತಕ ಬೇರೆ!" ಅಂತ ನಕ್ಕರು. ಅವರ ಮನೆಯ ಬೆಕ್ಕುಗಳಿಗೆ ತೋಟವೇ ಕಕ್ಕಸು. ಮಳೆ ಹಿಡಿದರೆ ಬಚ್ಚಲೊಲೆಯ ಬೂದಿ. ನಾನಿರುವುದು ಬೆಂಗಳೂರಿನಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ. ಇಲ್ಲಿ ಒಂದು ಹಿಡಿ ಮಣ್ಣಿಗೂ ತತ್ವಾರ.

ಒದ್ದೆ ಜಾಗ ಏನು ಹೇಳುತ್ತದೆ

ಮೈಯಲ್ಲಿ ತೊಂದರೆಯಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಒರೆಸುವ ಬಟ್ಟೆ ಹಿಡಿಯುವ ಮೊದಲು ಒಂದು ಕ್ಷಣ ನಿಂತು ನೋಡಿ. ಒದ್ದೆ ಇರುವುದು ಗೋಡೆಯ ಮೇಲೋ, ನೆಲದ ಮೇಲೋ?

ಗೋಡೆ, ಬಾಗಿಲು, ಸೋಫಾದ ಬದಿ, ಪರದೆ ಇವುಗಳ ಮೇಲೆ ಸ್ವಲ್ಪವೇ ಚಿಮುಕಿಸಿ, ಕೆಳಗೆ ಸೋರಿದ್ದರೆ ಅದು ಗುರುತು ಹಾಕುವುದು. ಬೆಕ್ಕು ನಿಂತೇ ಇರುತ್ತದೆ, ಬಾಲ ನೆಟ್ಟಗೆ, ತುದಿ ನಡುಗುತ್ತಿರುತ್ತದೆ. ಇದು ಲಿಟರ್ ಬಾಕ್ಸಿನ ತಕರಾರಲ್ಲ, "ಇದು ನನ್ನ ಏರಿಯಾ" ಅನ್ನುವ ಬೋರ್ಡು. ಸಂತಾನಹರಣದ ಆಪರೇಷನ್ ಆಗದ ಗಂಡು ಬೆಕ್ಕಾದರೆ ಮೊದಲು ಆಪರೇಷನ್ ಮಾಡಿಸಿ. 10ರಲ್ಲಿ 9 ಗಂಡು ಬೆಕ್ಕುಗಳಲ್ಲಿ ಈ ಚಟ ಅದರಿಂದ ನಿಲ್ಲುತ್ತದೆ ಅಥವಾ ತುಂಬಾ ಇಳಿಯುತ್ತದೆ. ಉಳಿದ ಒಂದರ ಕಿಟಕಿಯಾಚೆ ನೋಡಿ. ಬೀದಿಯ ಗಡವ ಬೆಕ್ಕೊಂದು ಕಾಂಪೌಂಡ್ ಮೇಲೆ ದಿನಾ ಬಂದು ಕೂರುತ್ತಿರಬಹುದು. ಕಿಟಕಿಯ ಕೆಳಭಾಗಕ್ಕೆ ಮಸುಕು ಕಾಗದ ಅಂಟಿಸಿದರೆ ಎಷ್ಟೋ ಮನೆಗಳಲ್ಲಿ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ನೆಲದ ಮೇಲೆ ಕೆರೆ ಥರ ನಿಂತಿದ್ದರೆ ಅದು ನಿಜವಾದ ಉಚ್ಚೆ. ಎಲ್ಲಿ ಮಾಡಿದೆ ನೋಡಿ. ಹಾಸಿಗೆ, ಕಾಲೊರೆಸು, ಮಡಿಸಿಟ್ಟ ಬಟ್ಟೆಯ ರಾಶಿ ಮುಂತಾದ ಮೆತ್ತನೆಯ ಜಾಗವೇ ಆದರೆ, ಈಗಿನ ಲಿಟರ್ ಅದರ ಪಾದಕ್ಕೆ ಚುಚ್ಚುತ್ತಿದೆ ಅಂತ ಮೊದಲ ಅನುಮಾನ. ಬಾಕ್ಸಿನ ಪಕ್ಕದಲ್ಲೇ, ಒಂದಡಿ ದೂರದಲ್ಲಿ ಮಾಡಿದ್ದರೆ ಬೆಕ್ಕು ಅಲ್ಲಿಯವರೆಗೆ ಬಂದಿದೆ, ಒಳಗೆ ಹೋಗಲು ಮನಸ್ಸಾಗಿಲ್ಲ ಅಂತ ಅರ್ಥ. ಬಾಕ್ಸ್ ಗಲೀಜಾಗಿದೆ, ಇಲ್ಲವೇ ಅಂಚು ಎತ್ತರವಾಗಿದೆ. ಮನೆಯ ಇನ್ನೊಂದು ತುದಿಯಲ್ಲಿ ಮಾಡಿದ್ದರೆ ಬಾಕ್ಸಿನವರೆಗೆ ಬರುವ ದಾರಿಯಲ್ಲಿ ಏನೋ ಅಡ್ಡಿ ಇದೆ.

ನಮ್ಮ ಮನೆಗಳಲ್ಲಿ ಮಾಮೂಲಿಯಾದ ಇನ್ನೊಂದು ಜಾಗ ಬಚ್ಚಲಿನ ತೂಬು, ನೀರು ಹೋಗುವ ಜಾಲರಿ. ಎಷ್ಟೋ ಜನ "ನಮ್ಮ ಬೆಕ್ಕು ಜಾಣ, ಬಾತ್‌ರೂಮಿಗೇ ಹೋಗುತ್ತದೆ" ಅಂತ ಖುಷಿಪಡುತ್ತಾರೆ. ನನಗೆ ಆ ಖುಷಿ ಇಲ್ಲ. ಅಲ್ಲಿ ಉಂಡೆ ಲೆಕ್ಕ ಸಿಗುವುದಿಲ್ಲ, ರಕ್ತ ಬಂದರೂ ತೊಳೆದು ಹೋಗುತ್ತದೆ, ಯಾರೋ ಬಾಗಿಲು ಹಾಕಿದ ದಿನ ಹಾಸಿಗೆಗೆ ಕುತ್ತು. ಬಿಡಿಸಬೇಕೆಂದರೆ ತೂಬಿನ ಪಕ್ಕದಲ್ಲೇ ಒಂದು ತಟ್ಟೆಯಂಥ ಟ್ರೇ ಇಡಿ. ಮೊದಮೊದಲು ಒಂದು ಹಿಡಿ ಲಿಟರ್ ಮಾತ್ರ ಹಾಕಿ. ನುಣುಪಾದ ನೆಲ ಇಷ್ಟಪಡುವ ಬೆಕ್ಕು ಅದು. ಬಳಸತೊಡಗಿದ ಮೇಲೆ ದಿನಕ್ಕೊಂದು ಹಿಡಿ ಏರಿಸುತ್ತಾ ಹೋಗಿ. ಟ್ರೇಯನ್ನು ಬಾಗಿಲ ಕಡೆಗೆ ಸರಿಸುವುದೂ ಹಾಗೇ, ದಿನಕ್ಕೆ ಒಂದು ಗೇಣಿಗಿಂತ ಜಾಸ್ತಿ ಬೇಡ.

ಬಾಕ್ಸಿನದೇ ತಪ್ಪಿದ್ದರೆ

ಅಂಗಡಿಯಲ್ಲಿ ಸಿಗುವ ಬಾಕ್ಸುಗಳಲ್ಲಿ ಬಹುಪಾಲು ಚಿಕ್ಕವು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಬೆಕ್ಕನ್ನು ಅಳೆಯಿರಿ. ಬಾಕ್ಸಿನ ಉದ್ದ ಅದರ ಒಂದೂವರೆ ಪಟ್ಟು ಇರಬೇಕು. ದೊಡ್ಡ ಬೆಕ್ಕಿಗೆ ಅದು ಎರಡಡಿಯ ಮೇಲೆಯೇ ಆಗುತ್ತದೆ. ನಾನು ಪಾತ್ರೆ ಅಂಗಡಿಯಿಂದ ಬಟ್ಟೆ ನೆನೆಸುವ ದೊಡ್ಡ ಪ್ಲಾಸ್ಟಿಕ್ ಟಬ್ ತಂದೆ. ಬೆಲೆ ಪೆಟ್ ಶಾಪಿನ ಬಾಕ್ಸಿನ ಅರ್ಧವೂ ಇರಲಿಲ್ಲ. ಕೂತಲ್ಲಿಂದ ಹಿಂಭಾಗ ಎತ್ತಿ ಅಂಚಿನಾಚೆ ಹಾರಿಸುವ ಬೆಕ್ಕುಗಳಿವೆ, ಕೆಂಚನೂ ಅದೇ ಜಾತಿ. ಅಂಥವಕ್ಕೆ ಎತ್ತರದ ಸ್ಟೋರೇಜ್ ಬಾಕ್ಸ್ ತಂದು, ಒಂದು ಬದಿಯನ್ನು ಬಿಸಿ ಚಾಕುವಿನಿಂದ ಕತ್ತರಿಸಿ ಬಾಗಿಲು ಮಾಡಿ. ಕತ್ತರಿಸಿದ ಅಂಚನ್ನು ಮರಳು ಕಾಗದದಿಂದ ಉಜ್ಜುವುದು ಮರೆಯಬೇಡಿ.

ಮುಚ್ಚಳವಿರುವ ಬಾಕ್ಸು ನಮಗೆ ಚೆಂದ. ವಾಸನೆ ಒಳಗೇ ಉಳಿಯುತ್ತದೆ ಅಂತ ತರುತ್ತೇವೆ. ಒಳಗೆ ಉಳಿದ ವಾಸನೆಯಲ್ಲಿ ಕೂರಬೇಕಾದವರು ಯಾರು ಅಂತ ಯೋಚಿಸುವುದಿಲ್ಲ. ಕೆಲವು ಬೆಕ್ಕುಗಳಿಗೆ ಮರೆ ಇಷ್ಟ, ನಿಜ. ಆದರೆ ತೊಂದರೆ ಶುರುವಾಗಿದ್ದರೆ ಮೊದಲು ಮುಚ್ಚಳ ತೆಗೆದು ಒಂದು ವಾರ ನೋಡಿ. ಕಾಸಿಲ್ಲದ ಪರೀಕ್ಷೆ.

ಎಷ್ಟು ಬಾಕ್ಸ್ ಬೇಕು ಅನ್ನುವುದಕ್ಕೆ ಡಾಕ್ಟರುಗಳು ಹೇಳುವ ಲೆಕ್ಕ: ಬೆಕ್ಕುಗಳ ಸಂಖ್ಯೆಗೆ ಒಂದು ಸೇರಿಸಿ. ಎರಡು ಬೆಕ್ಕಿಗೆ ಮೂರು. ಒಂದು ಮಲಗುವ ಕೋಣೆಯ ಮನೆಯಲ್ಲಿ ಇದು ಕಷ್ಟ, ನನಗೂ ಗೊತ್ತು. ನನ್ನ ಹತ್ತಿರ ಇರುವುದು ಎರಡೇ. ಆದರೆ ಎರಡನ್ನೂ ಒಂದೇ ಮೂಲೆಯಲ್ಲಿ ಜೋಡಿಸಿ ಇಡಬೇಡಿ. ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಬಾಕ್ಸ್.

ಎಲ್ಲಿಡಬೇಕು ಅನ್ನುವಲ್ಲಿ ಎಡವುವವರು ಬಹಳ. ವಾಷಿಂಗ್ ಮೆಷಿನ್ ಪಕ್ಕ ಇಡುತ್ತಾರೆ. ಬೆಕ್ಕು ಕೂತ ಹೊತ್ತಿಗೇ ಮೆಷಿನ್ ಗಿರ್ರನೆ ತಿರುಗಿದರೆ ಮತ್ತೆ ಅದು ಆ ಕಡೆ ಬರುವುದಿಲ್ಲ. ನಮ್ಮ ಬಚ್ಚಲುಗಳಲ್ಲಿ ನೆಲ ಸದಾ ಒದ್ದೆ, ಬಕೆಟ್ ನೀರು ಸಿಡಿಯುತ್ತದೆ, ಬಾಗಿಲು ಮುಚ್ಚಿರುತ್ತದೆ. ಬಾಲ್ಕನಿಯಲ್ಲಿಟ್ಟರೆ ಜೂನ್‌ನಿಂದ ಎರಚಲು ಮಳೆ. ಊಟದ ತಟ್ಟೆಯ ಪಕ್ಕವಂತೂ ಬೇಡವೇ ಬೇಡ, ಉಣ್ಣುವಲ್ಲಿ ಹೇಲಲು ಬೆಕ್ಕಿಗೂ ಹೇಸಿಗೆ. ಜನ ಕಡಿಮೆ ಓಡಾಡುವ, ಆದರೆ ಬೆಕ್ಕಿಗೆ ಎರಡು ಕಡೆಯಿಂದ ದಾರಿ ಇರುವ ಒಣ ಮೂಲೆ ಹುಡುಕಿ. ನಮ್ಮಲ್ಲಿ ಒಂದು ಬೀರುವಿನ ಮಗ್ಗುಲಲ್ಲಿದೆ. ಬಂದ ನೆಂಟರು ಮೊದಲು ಅದನ್ನೇ ನೋಡುತ್ತಾರೆ, ನೋಡಲಿ.

ಇನ್ನು ತೆಗೆಯುವುದು. ದಿನಕ್ಕೆ ಒಂದು ಸಲ ಕನಿಷ್ಠ, ಎರಡು ಸಲವಾದರೆ ಒಳ್ಳೆಯದು. ಬಜ್ಜಿ ಎತ್ತುವ ಜಾಲರಿ ಸೌಟಿನ ಥರದ ಒಂದು ಸೌಟು ಸಿಗುತ್ತದೆ, ಅದರಿಂದ. ಇಡೀ ಲಿಟರ್ ಬದಲಿಸಿ ಬಾಕ್ಸ್ ತೊಳೆಯುವುದು ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಆಮೇಲೆ ಬಿಸಿಲು, ಅಷ್ಟೇ. ಉಗುರಿನ ಗೀರು ಬಿದ್ದ ಪ್ಲಾಸ್ಟಿಕ್ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಹೊಸ ಟಬ್ ತನ್ನಿ.

ಲಿಟರ್: ಬೂದಿಯಿಂದ ಸೋಯಾ ಹಿಂಡಿಯವರೆಗೆ

ಅಮ್ಮನ ಬಚ್ಚಲೊಲೆಯ ಬೂದಿಯ ಕಥೆ ಅಮೆರಿಕದಲ್ಲೂ ಇತ್ತು. 1947ರಲ್ಲಿ ಮಿಷಿಗನ್‌ನ ಎಡ್ವರ್ಡ್ ಲೋ ಎಂಬಾತನ ಹತ್ತಿರ ನೆರೆಯ ಹೆಂಗಸೊಬ್ಬರು ಬೆಕ್ಕಿಗೆ ಮರಳು ಕೇಳಿಕೊಂಡು ಬಂದರು. ಅವರು ಬಳಸುತ್ತಿದ್ದದ್ದು ಬೂದಿ, ಮನೆಯೆಲ್ಲ ಕಪ್ಪು ಹೆಜ್ಜೆ. ಆತ ಕೊಟ್ಟಿದ್ದು ಎಣ್ಣೆ ಹೀರಲು ಮಾರುತ್ತಿದ್ದ ಹರಳು ಜೇಡಿಮಣ್ಣು. ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದೇ. ಬೆಕ್ಕಿನ ಲಿಟರ್ ವ್ಯಾಪಾರ ಶುರುವಾದದ್ದು ಅಲ್ಲಿಂದ.

ಈಗ ನಮ್ಮಲ್ಲಿ ಜಾಸ್ತಿ ಓಡುವುದು ಬೆಂಟೊನೈಟ್ ಮಣ್ಣಿನದು. ಗುಜರಾತಿನ ಕಚ್ ಕಡೆ ಈ ಮಣ್ಣು ಧಾರಾಳವಾಗಿ ಸಿಗುತ್ತದೆ. ಒದ್ದೆಯಾದರೆ ಉಬ್ಬಿ ಉಂಡೆಯಾಗುತ್ತದೆ. ಬಹುಪಾಲು ಬೆಕ್ಕುಗಳಿಗೆ ಸಣ್ಣ ಕಾಳಿನ, ಪರಿಮಳವಿಲ್ಲದ ಇದೇ ಇಷ್ಟ. ಯಾಕೆ ಅಂತ ತಿಳಿಯಬೇಕಾದರೆ ಮನೆ ಕಟ್ಟುವ ಜಾಗದ ಮರಳ ರಾಶಿಯನ್ನು ಬೆಳಿಗ್ಗೆ ಹೋಗಿ ನೋಡಿ. ಬೀದಿಯ ಅಷ್ಟೂ ಬೆಕ್ಕುಗಳು ಅಲ್ಲಿ ಸಹಿ ಹಾಕಿ ಹೋಗಿರುತ್ತವೆ.

ಸಾದಾ ಮರಳನ್ನೇ ಹಾಕಬಾರದಾ ಅಂತ ಕೇಳುತ್ತಾರೆ. ಹಾಕಬಹುದು, ಬೆಕ್ಕಿನ ಅಭ್ಯಂತರ ಇಲ್ಲ. ಆದರೆ ಉಚ್ಚೆ ಉಂಡೆಯಾಗದೆ ತಳಕ್ಕಿಳಿಯುತ್ತದೆ, ಮೂರನೇ ದಿನಕ್ಕೆ ನಾತ ತಡೆಯಲಾಗುವುದಿಲ್ಲ. ಹಾಗಾಗಿ ಮರಳನ್ನು ನಾನು ಬೀದಿಯಿಂದ ಬಂದ ಬೆಕ್ಕಿಗೆ ಅಭ್ಯಾಸ ಮಾಡಿಸಲು ಮಾತ್ರ ಬಳಸುತ್ತೇನೆ. ಮೊದಲು ಪೂರ್ತಿ ಮರಳು, ಆಮೇಲೆ ನಿಧಾನಕ್ಕೆ ಲಿಟರ್ ಬೆರೆಸುವುದು.

ಪೈನ್ ಮರದ ಗುಳಿಗೆಗಳು ಒದ್ದೆಯಾದರೆ ಹೊಟ್ಟಾಗಿ ಉದುರುತ್ತವೆ, ಜರಡಿ ಟ್ರೇ ಬೇಕು. ವಾಸನೆಗೆ ಚೆನ್ನಾಗಿದೆ, ಆದರೆ ಕಾಳು ದಪ್ಪ. ಸಿಲಿಕಾ ಹರಳು ಅಂದರೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಪೊಟ್ಟಣದ ಹರಳೇ. ಚೆನ್ನಾಗಿ ಹೀರುತ್ತದೆ, ಕೆಲವು ಬೆಕ್ಕುಗಳಿಗೆ ಪಾದ ಚುಚ್ಚುತ್ತದೆ. ಟೋಫು ಲಿಟರ್ ಸೋಯಾದ ಹಿಂಡಿಯಿಂದ ಮಾಡಿದ್ದು. ಹಗುರ, ಧೂಳು ಕಡಿಮೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಚೀಲದ ಬಾಯಿ ತೆರೆದಿಟ್ಟರೆ ಬೂಷ್ಟು ಹಿಡಿಯುತ್ತದೆ, ಹುಳವೂ ಬೀಳುತ್ತದೆ. ಅಕ್ಕಿ ಡಬ್ಬದ ಹಾಗೆ ಬಿಗಿ ಮುಚ್ಚಳದ ಡಬ್ಬಕ್ಕೆ ಸುರಿದಿಡಿ. ಬೆಂಟೊನೈಟ್ ಕೂಡ ಗಾಳಿಯ ತೇವ ಹೀರಿ, ಉಂಡೆ ಕಟ್ಟುವ ಬದಲು ತಳಕ್ಕೆ ಅಂಟಿದ ಕೆಸರಾಗುವುದುಂಟು. ಆಗ ದಪ್ಪ ಸಾಲದು ಅಂತ ಅರ್ಥ. ಎರಡೂವರೆ, ಮೂರು ಇಂಚು ಇರಲಿ. ತೆಳ್ಳಗೆ ಹರಡಿ ಉಳಿಸಿದ ದುಡ್ಡು ತಳ ಕೆರೆಯುವುದರಲ್ಲೇ ಹೋಗುತ್ತದೆ.

ಬೆಕ್ಕು ಲಿಟರನ್ನು ಒಪ್ಪಿಲ್ಲ ಅಂತ ಅದರ ನಡೆಯಲ್ಲೇ ಗೊತ್ತಾಗುತ್ತದೆ. ಅಂಚಿನ ಮೇಲೆ ಕಾಲಿಟ್ಟು ಸರ್ಕಸ್ ಮಾಡುವುದು, ಕೆದಕದೆ ಕೂರುವುದು, ಲಿಟರ್ ಬಿಟ್ಟು ಬಾಕ್ಸಿನ ಗೋಡೆ ಕೆರೆಯುವುದು, ಪಾದ ಕೊಡವಿ ಓಡುವುದು. ಹೀಗಿದ್ದರೆ ಎರಡು ಟ್ರೇಯಲ್ಲಿ ಎರಡು ಬಗೆ ಹಾಕಿ ಇಡಿ. ಅದೇ ಆರಿಸಿಕೊಳ್ಳಲಿ. ಬದಲಿಸಲೇಬೇಕಾದರೆ ಒಂದು ವಾರ, ಹತ್ತು ದಿನ ತೆಗೆದುಕೊಂಡು ಹಳೆಯದರ ಜೊತೆ ಸ್ವಲ್ಪಸ್ವಲ್ಪ ಬೆರೆಸಿ. ನಾನು ಮಾಡಿದ ಹಾಗೆ ಒಂದೇ ರಾತ್ರಿಯಲ್ಲಿ ಬೇಡ. ಕೆಂಚನ ವಿಷಯದಲ್ಲಿ ಲಿಟರ್ ನಿರಪರಾಧಿ, ಆದರೆ ನಾನು ಅನುಮಾನಪಟ್ಟದ್ದು ಪೂರಾ ಪೆದ್ದುತನವೂ ಅಲ್ಲ.

ನಾತ ಹೋಗದಿದ್ದರೆ

ಬೆಕ್ಕಿನ ಪೂರ್ವಜರು ಒಣ ನಾಡಿನವರು. ನೀರು ಉಳಿಸಲು ಉಚ್ಚೆಯನ್ನು ಗಟ್ಟಿ ಮಾಡಿ ಬಿಡುವ ಮೈ ಅವುಗಳದು. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಕಣ್ಣು ಉರಿಸುವ ಆ ವಾಸನೆ ಅದೇ. ಅಂದರೆ ನಾತ ಬರುತ್ತಿದೆ ಅಂದರೆ ಉಚ್ಚೆ ಬಹಳ ಹೊತ್ತು ಕೂತಿದೆ ಅಂತ. ಊದುಬತ್ತಿ, ರೂಮ್ ಸ್ಪ್ರೇ, ಪರಿಮಳದ ಲಿಟರ್ ಇವೆಲ್ಲ ನಮ್ಮ ಮೂಗಿಗೆ ಮೋಸ. ಬೆಕ್ಕಿನ ಮೂಗಿಗೆ ಅಲ್ಲ.

ಇಲ್ಲಿ ಒಂದು ಅಪಾಯದ ಅಭ್ಯಾಸದ ಬಗ್ಗೆ ಹೇಳಲೇಬೇಕು. ನೆಲ ಗಲೀಜಾದ ಕೂಡಲೇ ನಮ್ಮ ಕೈ ಹೋಗುವುದು ಫಿನಾಯಿಲ್ ಬಾಟಲಿಗೆ. ಕಪ್ಪು ಫಿನಾಯಿಲ್‌ನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಪಿತ್ತಜನಕಾಂಗ ಕರಗಿಸಲಾರದು. ನಮಗಿರುವ ಆ ಶಕ್ತಿ ಅದಕ್ಕಿಲ್ಲ. ಒರೆಸಿದ ನೆಲದಲ್ಲಿ ಓಡಾಡಿ, ಪಾದ ನೆಕ್ಕಿದರೆ ವಿಷ ಒಳಗೆ. ನೀರಿಗೆ ಹಾಕಿದರೆ ಹಾಲಿನ ಬಣ್ಣಕ್ಕೆ ತಿರುಗುವ ಕಂದು ಆಂಟಿಸೆಪ್ಟಿಕ್ ದ್ರಾವಣವೂ ಹಾಗೇ. ಬ್ಲೀಚಿಂಗ್ ಪುಡಿಯ ತಕರಾರು ಬೇರೆ. ಅದು ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಹುಟ್ಟುವ ಗಾಳಿ ನಿಮ್ಮ ಶ್ವಾಸಕೋಶಕ್ಕೇ ಕೆಟ್ಟದ್ದು.

ಹೊಸ ಉಚ್ಚೆಯಾದರೆ ಹಳೇ ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ. ತಣ್ಣೀರು ಹಾಕಿ ಮತ್ತೆ ಹೀರಿಸಿ. ಆಮೇಲೆ ಪೆಟ್ ಶಾಪಿನಲ್ಲಿ ಸಿಗುವ ಎಂಜೈಮ್ ಕ್ಲೀನರ್ ಧಾರಾಳವಾಗಿ ಹಾಕಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಸೋಪು ನೀರು ಮೇಲಿನ ವಾಸನೆ ತೆಗೆಯುತ್ತದೆ, ಒಳಗಿನ ಯೂರಿಕ್ ಆಮ್ಲದ ಹರಳು ಹಾಗೇ ಉಳಿಯುತ್ತದೆ. ಗಾಳಿಯಲ್ಲಿ ತೇವ ಏರಿದಾಗ ಅದು ಮತ್ತೆ ನಾರುತ್ತದೆ. ಬೇಸಿಗೆಯಲ್ಲಿ ಸರಿಹೋಯಿತು ಅಂದುಕೊಂಡ ಹಾಸಿಗೆ ಆಷಾಢದಲ್ಲಿ ಗಬ್ಬೆದ್ದರೆ ಕಾರಣ ಇದು. ಎಲ್ಲಿಂದ ನಾತ ಅಂತ ಗೊತ್ತಾಗದಿದ್ದರೆ ಅಂಗಡಿಯವರು ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ತನ್ನಿ. ರಾತ್ರಿ ದೀಪ ಆರಿಸಿ ಹಿಡಿದರೆ ಒಣಗಿದ ಉಚ್ಚೆ ಹಳದಿ ಹಸಿರಾಗಿ ಮಿನುಗುತ್ತದೆ. ಮೊದಲ ಸಲ ನಾನು ಹೀಗೆ ನೋಡಿದಾಗ ಒಂದು ಕಲೆ ಹುಡುಕಲು ಹೋಗಿ ಏಳು ಸಿಕ್ಕವು. ನೋಡದೇ ಇದ್ದಿದ್ದರೇ ಚೆನ್ನಾಗಿತ್ತು ಅನಿಸಿತು.

ಮನೆಯೊಳಗಿನ ರಾಜಕೀಯ

ಮೈ ಸರಿ, ಬಾಕ್ಸ್ ಸರಿ, ಲಿಟರ್ ಸರಿ, ಆದರೂ ಹೊರಗೆ ಮಾಡುತ್ತಿದೆ. ಆಗ ಮನೆಯಲ್ಲಿ ಏನು ಬದಲಾಗಿದೆ ನೋಡಿ. ಬಾಣಂತಿ, ಮಗು, ಪೇಂಟಿಂಗ್, ಜಾಗ ಬದಲಿಸಿದ ಮಂಚ, ಒಂದು ತಿಂಗಳು ಉಳಿದ ನೆಂಟರು. ದೀಪಾವಳಿಯ ಮೂರು ದಿನ ನಮ್ಮ ಇನ್ನೊಂದು ಬೆಕ್ಕು ಬೆಳ್ಳಿ ಮಂಚದಡಿಯಿಂದ ಹೊರಗೇ ಬರುವುದಿಲ್ಲ. ಬಾಕ್ಸ್ ಹಾಲ್‌ನಲ್ಲಿದ್ದರೆ ಪಟಾಕಿ ಸದ್ದಿನಲ್ಲಿ ಹೋಗುವುದಾದರೂ ಹೇಗೆ? ಆ ಮೂರು ದಿನ ಒಂದು ಟ್ರೇಯನ್ನು ಮಂಚದ ಪಕ್ಕಕ್ಕೇ ತರುತ್ತೇನೆ. ಹೆದರಿಕೆ, ಒತ್ತಡ ಬರೀ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಎಳೆ ಮತ್ತು ನಡುವಯಸ್ಸಿನ ಬೆಕ್ಕುಗಳ ಉರಿಮೂತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಿಗೆ ಸೋಂಕೂ ಸಿಗುವುದಿಲ್ಲ, ಕಲ್ಲೂ ಸಿಗುವುದಿಲ್ಲ. ಇಂಥವಕ್ಕೆ ಒತ್ತಡದ ನಂಟು ಗಟ್ಟಿ ಅಂತ ಪಶುವೈದ್ಯರು ಹೇಳುತ್ತಾರೆ.

ಎರಡು ಬೆಕ್ಕಿರುವ ಮನೆಯಲ್ಲಿ ಜಗಳ ಕಣ್ಣಿಗೆ ಬೀಳಲೇಬೇಕು ಅಂತಿಲ್ಲ. ಒಂದು ಬಾಕ್ಸಿಗೆ ಹೋಗುವ ದಾರಿಯಲ್ಲಿ ಹಾಯಾಗಿ ಕಾಲು ಚಾಚಿ ಮಲಗಿರುತ್ತದೆ. ನಮಗೆ ಅದು ಮುದ್ದು. ಇನ್ನೊಂದಕ್ಕೆ ಅದು ಟೋಲ್ ಗೇಟು. ಕೆಂಚ ಹೀಗೇ ಮಾಡುತ್ತಿದ್ದ. ಬೆಳ್ಳಿ ಬಟ್ಟೆ ಬುಟ್ಟಿಯಲ್ಲಿ ಮಾಡುತ್ತಿದ್ದಳು. ಎರಡನೇ ಬಾಕ್ಸನ್ನು ಮನೆಯ ಇನ್ನೊಂದು ಕಡೆ ಇಟ್ಟ ದಿನದಿಂದ ನಿಂತಿತು.

ಬೆಕ್ಕು ಸೇಡಿಗೆ ಮಾಡುತ್ತದೆ ಅನ್ನುವ ಮಾತು ಬಹಳ ಕೇಳಿದ್ದೇನೆ. ಊರಿಗೆ ಹೋಗಿ ಬಂದಾಗ ನನ್ನ ದಿಂಬಿನ ಮೇಲೆಯೇ ಮಾಡಿದ್ದರೆ ಯಾರಿಗೂ ಹಾಗನಿಸುತ್ತದೆ. ಆದರೆ ಗಾಬರಿಯಾದ ಬೆಕ್ಕು ಮನೆಯವರ ವಾಸನೆ ಗಟ್ಟಿಯಾಗಿರುವಲ್ಲಿ ತನ್ನ ವಾಸನೆ ಬೆರೆಸುತ್ತದೆ. ಮೂಗನ್ನು ಅದರಲ್ಲಿ ಒತ್ತುವುದು, ಪೊರಕೆ ಎತ್ತುವುದು ಎಲ್ಲ ಮಾಡಿದರೆ ಅದು ಕಲಿಯುವುದು ಒಂದೇ ಪಾಠ: ಈಕೆ ಇರುವಾಗ ಮಾಡಬಾರದು, ಬೀರುವಿನ ಹಿಂದೆ ಮಾಡಬೇಕು.

ಚಿಲ್ಲರೆ ತೊಂದರೆಗಳು

ಲಿಟರ್ ಮನೆಯೆಲ್ಲ ಹರಡಿದರೆ ಬಾಕ್ಸಿನ ಮುಂದೆ ತೆಂಗಿನ ನಾರಿನ ಕಾಲೊರೆಸು ಹಾಕಿ. ಪೂರ್ತಿ ನಿಲ್ಲುವುದಿಲ್ಲ, ಅರ್ಧ ನಿಲ್ಲುತ್ತದೆ. ಕಕ್ಕ ಮುಚ್ಚದೆ ಬರುವುದು ಕೆಲವು ಬೆಕ್ಕುಗಳ ಹುಟ್ಟುಗುಣ, ಬಿಟ್ಟುಬಿಡಿ. ಮೊದಲು ಮುಚ್ಚುತ್ತಿದ್ದುದು ಈಗ ಬಿಟ್ಟಿದ್ದರೆ ಮಾತ್ರ ಲಿಟರ್ ಅಥವಾ ಪಾದ ನೋಡಿ.

ಕಕ್ಕ ತೆಳ್ಳಗಾಗಿ ನಾರುತ್ತಿದ್ದರೆ ಮೊದಲು ಹಾಲು ನಿಲ್ಲಿಸಿ. ಹಾಲನ್ನದಲ್ಲೇ ಬೆಕ್ಕು ಸಾಕಿದ ಮನೆಗಳು ನಮ್ಮವು, ಆದರೆ ದೊಡ್ಡ ಬೆಕ್ಕುಗಳಲ್ಲಿ ಬಹುತೇಕಕ್ಕೆ ಹಾಲು ಅರಗುವುದಿಲ್ಲ. ಎರಡು ದಿನದಲ್ಲಿ ಸರಿಯಾಗದಿದ್ದರೆ ಕಕ್ಕದ ಮಾದರಿ ಡಬ್ಬಿಯಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ, ಹುಳ ಇರಬಹುದು. ಪರ್ಷಿಯನ್ ಥರದ ಉದ್ದ ಕೂದಲಿನ ಬೆಕ್ಕಾದರೆ ಹಿಂಭಾಗದ ಕೂದಲು ಕತ್ತರಿಸಿಡಿ. ಕಕ್ಕ ಅಂಟಿಕೊಂಡು ಒಮ್ಮೆ ಹಿಂಸೆಯಾದರೆ ಅದೂ ಬಾಕ್ಸಿನ ಮೇಲೇ ತಪ್ಪು ಹೊರಿಸುತ್ತದೆ.

ಮರಿಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಎರಡು ಮೂರು ತಿಂಗಳಾಗುವವರೆಗೆ ಉಂಡೆ ಕಟ್ಟುವ ಲಿಟರ್ ಬೇಡ, ಹೊಟ್ಟೆಯಲ್ಲೇ ಉಬ್ಬಿಬಿಟ್ಟರೆ ಕಷ್ಟ. ಕಾಗದದ ಚೂರೋ ಮರದ ಗುಳಿಗೆಯೋ ಸಾಕು. ಮುದಿ ಬೆಕ್ಕಿಗೆ ಕೀಲು ನೋವು ಇದ್ದೇ ಇರುತ್ತದೆ ಅಂತ ಹಿಡಿದುಕೊಳ್ಳಿ. ಬೆಳ್ಳಿಗೆ ಈಗ 13. ಅವಳ ಟಬ್ಬಿನ ಒಂದು ಬದಿಯನ್ನು ನಾಲ್ಕು ಬೆರಳಿನಷ್ಟು ಎತ್ತರಕ್ಕೆ ತಗ್ಗಿಸಿದ್ದೇನೆ. ಅವಳು ಮಹಡಿ ಮೆಟ್ಟಿಲು ಹತ್ತುವುದನ್ನು ಬಿಟ್ಟಾಗಲೇ ನನಗೆ ಇದು ಹೊಳೆಯಬೇಕಿತ್ತು.

ತೆಗೆದದ್ದನ್ನು ಏನು ಮಾಡುವುದು

ಕಕ್ಕಸಿಗೆ ಹಾಕಿ ಫ್ಲಶ್ ಮಾಡಬೇಡಿ. ಬೆಂಟೊನೈಟ್ ಪೈಪಿನೊಳಗೆ ಉಬ್ಬಿ ಸಿಮೆಂಟಿನಂತೆ ಕೂರುತ್ತದೆ. ಪ್ಲಂಬರು ಬಂದು ತೆಗೆದದ್ದನ್ನು ಕೆಳಗಿನ ಮನೆಯವರ ಎದುರು ನಿಂತು ನೋಡುವ ಭಾಗ್ಯ ನನಗೆ ಸಿಕ್ಕಿದೆ. ಹಳೇ ಪೇಪರಿನಲ್ಲಿ ಸುತ್ತಿ, ಬೆಂಗಳೂರಿನಲ್ಲಾದರೆ ಕೆಂಪು ಬುಟ್ಟಿಗೆ, ಡೈಪರ್ ಮತ್ತು ಪ್ಯಾಡ್ ಹಾಕುವ ಕಸದ ಜೊತೆ. ಹಸಿ ಕಸಕ್ಕೆ ಬೇಡ, ಅಲ್ಲಿಂದ ಗೊಬ್ಬರ ಮಾಡುತ್ತಾರೆ. ಸೊಪ್ಪು ತರಕಾರಿ ಬೆಳೆದ ಕುಂಡಕ್ಕೂ ಬೇಡ.

ಮನೆಯಲ್ಲಿ ಬಸುರಿ ಇದ್ದರೆ ಯಾರಾದರೂ ಒಬ್ಬರು "ಬೆಕ್ಕನ್ನು ಎಲ್ಲಾದರೂ ಬಿಟ್ಟು ಬನ್ನಿ" ಅಂದೇ ಅನ್ನುತ್ತಾರೆ. ಅದು ಬೇಕಾಗಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಭಯ ಅದಕ್ಕೆ ಕಾರಣ. ಬೆಕ್ಕಿಗೆ ಅದು ಸಾಮಾನ್ಯವಾಗಿ ಇಲಿ ಅಥವಾ ಹಸಿ ಮಾಂಸ ತಿಂದು ತಗಲುತ್ತದೆ. ಕಕ್ಕದಲ್ಲಿ ಹೊರಬಿದ್ದ ಮೇಲೂ ಅದು ಸೋಂಕು ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ದಿನಾ ತೆಗೆದರೆ ಆ ಹೊತ್ತಿಗೆ ಅದು ಕಸದ ಗಾಡಿಯಲ್ಲಿರುತ್ತದೆ. ಆ ಒಂಬತ್ತು ತಿಂಗಳು ಬಾಕ್ಸ್ ಕೆಲಸ ಗಂಡನದು. ಗತಿಯಿಲ್ಲದಿದ್ದರೆ ಗ್ಲೌಸ್ ಹಾಕಿಕೊಂಡು ಮಾಡಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಕ್ಯಾಲೆಂಡರಿನಲ್ಲಿ ಅಂಕಿ ಬರೆಯುವುದನ್ನೂ ಅವರಿಗೇ ಹೇಳಿಕೊಡಿ. ನಮ್ಮ ಮನೆಯವರು ಮೊದಲ ವಾರ ಬರೀ ಟಿಕ್ ಹಾಕಿಟ್ಟಿದ್ದರು.